ಸೂಪರ್‌ಚಾರ್ಜರ್ ಕಾರಿನ ತೂಗಾಡುವ ಐಡಲ್: ಸೆನ್ಸರ್ ಜಾಗ ಬದಲಿಸಿದ ಮೇಲೆ ಸರಿಯಾಯಿತು

ಹಿಂದಿನ ಮಾಲೀಕರು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿಸಿದ್ದ 4.6 ಲೀಟರ್ ವಿ8 ಕಾರು ನನ್ನದು. ವೇಗದಲ್ಲಿ ಓಡುವಾಗ ಏನೂ ತೊಂದರೆಯಿಲ್ಲ. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಏರಿಳಿದು ನಿಂತೇಹೋಗುತ್ತಿತ್ತು.

ಸ್ಕ್ಯಾನರ್ ಹಚ್ಚಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಸೆಕೆಂಡಿಗೆ 5 ಗ್ರಾಂ ಆಸುಪಾಸಿನಲ್ಲಿ ನಿಲ್ಲಬೇಕಾದ ಗಾಳಿಯ ಅಳತೆ 4ರಿಂದ 9ರವರೆಗೆ ಜಿಗಿಯುತ್ತಿತ್ತು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಸ್ವಚ್ಛಗೊಳಿಸಿದರೂ ಅಷ್ಟೇ.

ಈ ಸೆನ್ಸರ್ ಅಳೆಯುವುದು ಗಾಳಿಯ ತೂಕವನ್ನು. ಬಿಸಿ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದೇ ಲೆಕ್ಕ. ಒತ್ತಿದರೂ ಗಾಳಿಯ ತೂಕ ಬದಲಾಗದು. ಹಾಗಾಗಿ ಸೂಪರ್‌ಚಾರ್ಜರಿಗೆ ಮೊದಲು, ತಣ್ಣನೆಯ ಶಾಂತ ಹರಿವಿನಲ್ಲಿ ಅದನ್ನು ಕೂರಿಸುವುದೇ ನನಗೆ ಸರಿಯೆನಿಸುತ್ತದೆ. ನಮ್ಮ ಕಾರಿನಲ್ಲೂ ಅದು ಸೂಪರ್‌ಚಾರ್ಜರಿಗಿಂತ ಮುಂಚಿನ ಕೊಳವೆಯಲ್ಲೇ ಇತ್ತು. ಆದರೆ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿದಾಗ ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ತರುವ ಬೈಪಾಸ್ ಕೊಳವೆ ಸೆನ್ಸರಿನ ಬೆನ್ನಿಗೇ, ನಾಲ್ಕು ಬೆರಳಿನಷ್ಟೂ ಅಂತರವಿಲ್ಲದೆ, ಅದರತ್ತ ಮುಖಮಾಡಿ ಸೇರಿತ್ತು! ಒಮ್ಮೆ ಅಳೆದ ಗಾಳಿಯೇ ಸುಳಿಯಾಗಿ ತಂತಿಗೆ ಮತ್ತೆ ತಾಗುತ್ತಿತ್ತು. ಕಂಪ್ಯೂಟರ್ ಅದನ್ನು ಹೊಸ ಗಾಳಿಯೆಂದು ನಂಬಿ ಪೆಟ್ರೋಲ್ ಸುರಿಯುತ್ತಿತ್ತು.

ಸೆನ್ಸರನ್ನು ಏರ್ ಫಿಲ್ಟರಿನ ಕಡೆಗೆ ಸರಿಸಿ, ಅದೇ ವ್ಯಾಸದ ನೇರ ಕೊಳವೆಯಲ್ಲಿ ಕೂರಿಸಿದೆ. ವ್ಯಾಸ ಬದಲಾದರೆ ಅಳತೆಯ ಲೆಕ್ಕವೇ ಕೆಡುತ್ತದೆ, ಎಚ್ಚರ. ಬೈಪಾಸ್ ಬಾಯಿಯನ್ನು ಸೂಪರ್‌ಚಾರ್ಜರಿನ ಕಡೆಗೆ ಓರೆಯಾಗಿ ಬೆಸುಗೆ ಹಾಕಿಸಿದೆ. ಬೈಪಾಸ್ ಗಾಳಿಯನ್ನು ಹೊರಗೆ ಬಿಟ್ಟುಬಿಡುವ ಸಲಹೆಯೂ ಬಂದಿತ್ತು, ಒಪ್ಪಲಿಲ್ಲ. ಅಳೆದ ಗಾಳಿ ಹೊರಹೋದರೆ ಅದಕ್ಕೆಂದು ಸುರಿದ ಪೆಟ್ರೋಲ್ ಎಂಜಿನ್ನಿನಲ್ಲಿ ಹೆಚ್ಚಾಗಿಬಿಡುತ್ತದೆ.

ಈಗ ಅಳತೆ 5ರ ಹತ್ತಿರವೇ ನಿಂತಿದೆ.