ದ್ವೀಪಕ್ಕೆ ಹೋಗುವ ಮೊದಲು ಬಾವಿ ನೋಡಿ

ಬೆಂಗಳೂರು ಬಿಟ್ಟು ದ್ವೀಪದಲ್ಲಿ ಇದ್ದೇನೆ ಅಂದರೆ ಎಲ್ಲರೂ ಕಡಲಿನ ಬಗ್ಗೆಯೇ ಕೇಳುತ್ತಾರೆ. ನನಗೆ ಹೇಳಬೇಕು ಅನಿಸುವುದು ಬಾವಿಯ ಬಗ್ಗೆ. ಇಲ್ಲಿ ಮನೆ ಮಾಡಬಹುದು ಅಂತ ನನಗೆ ಧೈರ್ಯ ಬಂದದ್ದೇ ಬಾವಿ ನೋಡಿದ ಮೇಲೆ.

ನಾನಿರುವ ದ್ವೀಪ ವಲಿಯಪರಂಬ, ಕೇರಳದ ಕಾಸರಗೋಡು ಜಿಲ್ಲೆಯ ದಕ್ಷಿಣದಲ್ಲಿದೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಕವ್ವಾಯಿ ಹಿನ್ನೀರು. ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ, ಅದರ ತುಂಬ ತೆಂಗು. ನಾನು ಇದೇ ಜಿಲ್ಲೆಯ ಉತ್ತರದ ಕುಂಬಳೆ ಕಡೆಯವಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಹೀಗೆ ಬೆಳೆದವಳು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಅದನ್ನು ಮನೆಯಿಂದಲೇ ಮಾಡಬಹುದು ಅಂತಾದಾಗ ಅಲ್ಲಿನ ಬಾಡಿಗೆ ಕೊಡುತ್ತಾ ಕೂರಲು ಮನಸ್ಸು ಒಪ್ಪಲಿಲ್ಲ.

ಜಾಗ ಕೊಳ್ಳಲು ಹೋಗಲಿಲ್ಲ. ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದೆ. ಮೊದಲು ಬಂದು ಇದ್ದದ್ದು ಆಟಿಯ ಮಳೆಯಲ್ಲಿ. ಡಿಸೆಂಬರಿನಲ್ಲಿ ಬಂದರೆ ಯಾವ ದ್ವೀಪವೂ ಚೆಂದವೇ ಅಲ್ವಾ? ಮಳೆಗಾಲದಲ್ಲಿ ಗಾಳಿಗೆ ತೆಂಗಿನ ಮಡಲು ಬಿದ್ದು ಕರೆಂಟು ಹೋಗುತ್ತದೆ. ಜೂನ್ 10ರಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ಯಂತ್ರದ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಮೀನು ಕಡಿಮೆ, ಬೆಲೆ ಜಾಸ್ತಿ. ಕಡಲಿನ ಸದ್ದು ರಾತ್ರಿಯಿಡೀ ಇರುತ್ತದೆ. ಅದನ್ನು ಕೇಳುತ್ತಲೇ ನಿದ್ದೆ ಬರುತ್ತದೋ ಇಲ್ಲವೋ ಅಂತ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ನನಗೆ ಬಂತು.

ಆಮೇಲೆ ಏಪ್ರಿಲ್, ಮೇ. ನಿಜವಾದ ಪರೀಕ್ಷೆ ಅದು. ಎರಡೂ ಕಡೆ ಉಪ್ಪುನೀರು ಇರುವಾಗ ನಡುವಿನ ಬಾವಿಯಲ್ಲಿ ಸಿಹಿನೀರು ಹೇಗೆ? ಮಳೆನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರಬಹುದು ಅನ್ನುವುದು ಕರಾವಳಿಯ ಅಂತರ್ಜಲದ ಲೆಕ್ಕ. ಅಂದರೆ ಮೇಲಿಂದ ಸ್ವಲ್ಪ ಜಾಸ್ತಿ ಎಳೆದರೂ ಕೆಳಗಿನ ಉಪ್ಪು ಬಹಳಷ್ಟು ಮೇಲೇರುತ್ತದೆ. ಪಟ್ಟಿ ಕಿರಿದಾದ ಕಡೆ ಅಪಾಯ ಇನ್ನೂ ಹೆಚ್ಚು. ಬೋರ್‌ವೆಲ್ ಕೊರೆಸಿ ದೊಡ್ಡ ಪಂಪು ಇಡುವ ಬೆಂಗಳೂರಿನ ಅಭ್ಯಾಸ ಇಲ್ಲಿ ನಮ್ಮ ಬಾವಿಯನ್ನೂ ಪಕ್ಕದ ಮನೆಯ ಬಾವಿಯನ್ನೂ ಹಾಳು ಮಾಡುತ್ತದೆ.

ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಹೇಳಿದ ಹಾಗೆ ನಡೆದುಕೊಂಡೆ. ಸಣ್ಣ ಮೋಟರು, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಕುಡಿಯಲು, ಅಡುಗೆಗೆ ಕೊಡಪಾನದಲ್ಲಿ ಸೇದಿದ ನೀರು. ಸ್ನಾನದ ನೀರು ತೆಂಗಿನ ಬುಡಕ್ಕೆ. ಮಾಡಿನ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಬಾವಿಗೇ ಇಳಿಸುತ್ತೇನೆ. ಶೌಚದ ಗುಂಡಿಯನ್ನು ಬಾವಿಯಿಂದ ಆದಷ್ಟು ದೂರ ಇಡಬೇಕು. ಮರಳಿನಲ್ಲಿ ಕೊಳೆ ಬೇಗ ಹರಿಯುತ್ತದೆ. ಮೇ ಕೊನೆಯಲ್ಲೂ ಬಾವಿ ನೀರಿನಲ್ಲಿ ಬೇಳೆ ಚೆನ್ನಾಗಿ ಬೆಂದಾಗಲೇ ನಾನು ಬೆಂಗಳೂರಿನ ಮನೆ ಖಾಲಿ ಮಾಡಿದ್ದು.

ಹಿನ್ನೀರಿನ ಕಲ್ಲುಮ್ಮಕಾಯಿ (ತಿನ್ನುವ ಒಂದು ಬಗೆಯ ಚಿಪ್ಪುಜೀವಿ) ಕೃಷಿಯೂ ಇದೇ ಉಪ್ಪು-ಸಿಹಿ ಲೆಕ್ಕದ ಮೇಲೆ ನಡೆಯುತ್ತದೆ. 1990ರ ದಶಕದಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಂತ್ರಜ್ಞಾನ ಹತ್ತಿರದ ಪಡನ್ನ ಊರಿನ ಕಡೆ ಬಂತು. ಮರಿಗಳನ್ನು ಹಗ್ಗದ ಸುತ್ತ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ಹಗ್ಗಕ್ಕೆ ಅಂಟಿರುತ್ತವೆ. ಮಳೆ ಬಂದು ಹಿನ್ನೀರು ಸಪ್ಪೆಯಾಗುವ ಮೊದಲೇ ಕೊಯ್ಲು ಮುಗಿಯಬೇಕು. ಹೆಂಗಸರ ಗುಂಪುಗಳೇ ಇದರಲ್ಲಿ ಮುಂದೆ. ಬಟ್ಟೆ ಹೊಲಿಯಲು ನನ್ನನ್ನೂ ಕರೆಯುತ್ತಾರೆ. ನನಗೆ ಇಲ್ಲಿ ಗೆಳತಿಯರು ಸಿಕ್ಕಿದ್ದು ಆ ಕೆಲಸದಲ್ಲೇ. ಸುಮ್ನೆ ಸಮುದ್ರ ನೋಡುತ್ತಾ ಕೂತಿದ್ದರೆ ಸಿಗುತ್ತಿರಲಿಲ್ಲ.

ಇನ್ನು ಉಳಿದ ವಿಷಯ. ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಬಾಗಿಲ ಕೊಂಡಿ ಸ್ಟೀಲಿನದೇ ಇರಲಿ. ಕಂಪ್ಯೂಟರನ್ನು ಕೆಲಸ ಮುಗಿದ ಕೂಡಲೇ ಮುಚ್ಚಿದ ಡಬ್ಬಿಯಲ್ಲಿಡುತ್ತೇನೆ. ಇನ್ವರ್ಟರು ಬೇಕೇ ಬೇಕು. ದೊಡ್ಡ ಕಾಯಿಲೆಗೆ ಪರಿಯಾರಂ ಮೆಡಿಕಲ್ ಕಾಲೇಜು. ಬೆಂಗಳೂರಿಗೆ ಹೋಗಬೇಕಾದರೆ ಪಯ್ಯನ್ನೂರಿನಿಂದ ರಾತ್ರಿ ರೈಲು. ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟು ರೂಢಿಯಾದವರಿಗೆ ಇಲ್ಲಿ ಎಲ್ಲವೂ ಮಲಯಾಳ. ಮಾತು ಬಂದರೆ ಸಾಲದು, ಓದಲು ಕಲಿಯಿರಿ. ನಾನು ಬಸ್ಸಿನ ಬೋರ್ಡಿನಿಂದ ಶುರು ಮಾಡಿ ಈಗ ಪಂಚಾಯತಿನ ನೋಟಿಸು ಓದುತ್ತೇನೆ.

ಮನೆ ನೋಡಲು ಬರುವವರು ಮೇ ತಿಂಗಳಲ್ಲೇ ಬನ್ನಿ. ಒಂದು ಕೊಡ ಸೇದಿ ಕುಡಿದು ನೋಡಿ. ಸುತ್ತಲಿನ ಮನೆಯವರು ಎಷ್ಟು ಹೊತ್ತು ಪಂಪು ಹಾಕುತ್ತಾರೆ ಅಂತ ಕೇಳಿ. ಬಾಡಿಗೆಯ ಮಾತು ಆಮೇಲೆ.