ಘಟಪ್ರಭೆಯ ಹಿನ್ನೀರಿನ ಗುಂಟ ಒಂದು ದಿನದ ನಡಿಗೆ: ಸಿದ್ಧತೆ ಹೇಗೆ?

ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆಯು ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ಹಬ್ಬಿರುವುದರಿಂದ ಈ ದಂಡೆ ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಗೆಳೆಯರೊಬ್ಬರೊಡನೆ ಇಲ್ಲಿ ದಿನವಿಡೀ ನಡೆಯಬಯಸುವವರು ದಾರಿಗಿಂತ ಮೊದಲು ನೀರಿನ ಮಟ್ಟವನ್ನು ವಿಚಾರಿಸಬೇಕು.

ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮುಂಗಾರಿನಲ್ಲಿ ಮಹಾರಾಷ್ಟ್ರದ ಘಟ್ಟಗಳ ಮಳೆಯಿಂದ ಅದು ತುಂಬಿ, ನೀರು ಹೊಲಗಳ ಬದುವನ್ನು ಮುಟ್ಟಿದಾಗ ನಡೆಯಲು ದಂಡೆಯೇ ಉಳಿಯುವುದಿಲ್ಲ. ಕಾಲುವೆಗಳಿಗೆ ನೀರು ಹರಿದು ಮಟ್ಟ ಇಳಿಯುತ್ತಿರುವ ಜನವರಿ, ಫೆಬ್ರುವರಿ ತಿಂಗಳುಗಳೇ ಯೋಗ್ಯವಾದವು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ಕೆಸರಿನ ವಿಷಯದಲ್ಲಿ. ನೀರು ಈಚೆಗಷ್ಟೇ ಸರಿದ ಎರೆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ, ಕೆನೆಗಟ್ಟಿದ ಹಾಲಿನಂತೆ, ಒಳಗೆ ಮೆತ್ತಗೇ ಇರುತ್ತದೆ. ಆದ್ದರಿಂದ ಒಬ್ಬರು ಉದ್ದನೆಯ ಬಡಿಗೆಯಿಂದ ನೆಲವನ್ನು ಊರಿ ನೋಡುತ್ತ ಮುಂದೆ ಸಾಗಬೇಕು, ಇನ್ನೊಬ್ಬರು ಹತ್ತು ಹೆಜ್ಜೆ ಹಿಂದಿರಬೇಕು. ಮುಂದಿನವರ ಕಾಲು ಹೂತರೆ ಹಿಂದಿನವರು ಗಟ್ಟಿ ನೆಲದಲ್ಲೇ ನಿಂತು ಬಡಿಗೆಯ ತುದಿ ಹಿಡಿದು ಎಳೆಯಲು ಸಾಧ್ಯವಾಗುತ್ತದೆ. ಒಂಟಿಯಾಗಿ ಈ ನಡಿಗೆ ಬೇಡವೆನ್ನಲು ಇದೊಂದೇ ಕಾರಣ ಸಾಕು. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಕಾಲು ತೊಳೆಯಲೆಂದು ಸಹ ನೀರಿಗಿಳಿಯಬಾರದು.

ಬಿಸಿಲೇರುವ ಮುನ್ನವೇ ಹೊರಡಿ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಹಗಲು ದಂಡೆಯಲ್ಲಿ ವಿಶ್ರಮಿಸುತ್ತವೆ. ರಾಜಹಂಸಗಳು ತೆಳುನೀರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿಸಿ, ಕೆಸರು ಸೋಸಿ ಆಹಾರ ಹುಡುಕುತ್ತವೆ. ಅವು ತಲೆಯೆತ್ತಿ ನಿಮ್ಮತ್ತ ನೋಡಿದರೆ ನೀವು ಅತಿ ಸಮೀಪಿಸಿದ್ದೀರಿ ಎಂದೇ ತಿಳಿದು ಹಿಂದೆ ಸರಿಯಿರಿ. ದುರ್ಬೀನು ಇದ್ದರೆ ದೂರವೇ ಒಳ್ಳೆಯದು. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯನ್ನು ಒಂದು ಚಿತ್ರಕ್ಕಾಗಿ ಎಬ್ಬಿಸುವುದು ಸಲ್ಲದು.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು, ಆದರೆ ಕುಡಿಯುವ ನೀರು ತಲಾ ಮೂರು ಲೀಟರಿಗೆ ಕಡಿಮೆ ಇರಬಾರದು, ಏಕೆಂದರೆ ಬಯಲಿನಲ್ಲಿ ನೆರಳೆಂದರೆ ಅಲ್ಲೊಂದು ಇಲ್ಲೊಂದು ಜಾಲಿ ಗಿಡ ಮಾತ್ರ. ನೀರು ಸರಿದ ಮುಳುಗಡೆ ಜಮೀನಿನಲ್ಲಿ ಬಿತ್ತಿದ ಬೆಳೆ ಕಂಡರೆ ಬದುವಿನ ಮೇಲೆಯೇ ನಡೆಯಿರಿ, ರೈತರು ಎದುರಾದರೆ, “ಯಜಮಾನರ, ಈ ಕಡೆಯಿಂದ ದಾಟಬಹುದ್ರಿ?” ಎಂದು ಕೇಳಿಯೇ ಮುಂದೆ ಹೋಗಿ. ಮೊನ್ನೆಯವರೆಗೆ ನೀರಿದ್ದ ಜಾಗ ಯಾವುದು, ನೆಲ ಎಲ್ಲಿ ಗಟ್ಟಿಯಾಗಿದೆ ಎಂಬುದು ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿಯದು.

ಮಧ್ಯಾಹ್ನ ಮೂರರ ಹೊತ್ತಿಗೆ ದಂಡೆಯನ್ನು ಬಿಟ್ಟು ಊರಿನ ದಾರಿ ಹಿಡಿಯಿರಿ. ಮಬ್ಬಾದ ಮೇಲೆ ಗಟ್ಟಿ ನೆಲವೂ ಕೆಸರೂ ಒಂದೇ ಬಣ್ಣವಾಗಿ ಕಾಣುತ್ತವೆ.