ಗಂಡನಲ್ಲಿಲ್ಲದ ಬಿ57

ಕಿಡ್ನಿ ಕಸಿಗೆ ಕಾಯುವವರ ಸೀರಮ್‌ನಲ್ಲಿ (ರಕ್ತದ ತಿಳಿಯಲ್ಲಿ) ಯಾವ ಎಚ್‌ಎಲ್‌ಎ (ಜೀವಕೋಶದ ಮೇಲಿರುವ ಗುರುತಿನ ಪ್ರೋಟೀನ್; ಎ2, ಬಿ57 ಅಂತೆಲ್ಲ ಅದರ ಬಗೆಗಳು) ವಿರುದ್ಧ ಆ್ಯಂಟಿಬಾಡಿ ಇದೆ ಅಂತ ಹುಡುಕುವುದು ನನ್ನ ಕೆಲಸ. ಒಂದೊಂದು ಪುಟ್ಟ ಬೀಡ್ (ಮಣಿ) ಮೇಲೆ ಒಂದೊಂದು ಆ್ಯಂಟಿಜೆನ್, ಅಂದರೆ ಒಂದೊಂದು ಬಗೆಯ ಎಚ್‌ಎಲ್‌ಎ, ಕೂರಿಸಿರುತ್ತಾರೆ. ಸೀರಮ್ ಹಾಕಿ, ತೊಳೆದು, ಯಾವುದು ಹೊಳೆಯುತ್ತೆ ನೋಡುವುದು, ಅಷ್ಟೇ. ಹೊಳೆದರೆ ಅದಕ್ಕೆ ಆ್ಯಂಟಿಬಾಡಿ ಅಂಟಿದೆ ಅಂತ ಅರ್ಥ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮಹಿಳೆಯ ಸೀರಮ್ ನನ್ನ ತಲೆ ತಿಂದಿತ್ತು. ಎರಡು ಹೆರಿಗೆ ಆಗಿದ್ದವು. ರಕ್ತ ಹಾಕಿಸಿಕೊಂಡಿರಲಿಲ್ಲ, ಕಸಿಯೂ ಆಗಿರಲಿಲ್ಲ. ಗಂಡನಿಗೆ ಎ2 ಇತ್ತು, ಹಾಗಾಗಿ ಎ2 ಬೀಡ್ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಬಸಿರಿನಲ್ಲಿ ಮಗುವಿನ ಜೀವಕೋಶಗಳು ಒಂದಷ್ಟು ತಾಯಿಯ ರಕ್ತಕ್ಕೆ ಸೇರುತ್ತವೆ, ಅಪ್ಪನ ಕಡೆಯಿಂದ ಬಂದ ಆ್ಯಂಟಿಜೆನ್ ಅವಳ ಮೈಗೆ ಹೊರಗಿನದು. ಆದರೆ ಬಿ57, ಬಿ58 ಕೂಡ ಹೊಳೆದಿದ್ದವು! ಗಂಡನಲ್ಲೂ ಇಲ್ಲ, ಮಕ್ಕಳಲ್ಲೂ ಇಲ್ಲ. ಪಕ್ಕದ ಸೀರಮ್ ಸಿಡಿದಿರಬೇಕು ಅಂತ ಮತ್ತೆ ಮಾಡಿದೆ. ಅದೇ ಉತ್ತರ. ವರದಿಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಬಿ57: ಕೈತಪ್ಪು?' ಅಂತ ಬರೆದಿಟ್ಟೆ.

ಸೀನಿಯರ್ ಮೇಡಂ ನೋಡಿ, "ಹೆಸರು ಬಿಡು, ಅಮೈನೋ ಆಮ್ಲದ ಸಾಲು ಓದು" ಅಂದರು. ಮೂರರ ಸಾಲನ್ನೂ ಒಂದರ ಕೆಳಗೊಂದು ಬರೆದುಕೊಂಡೆ. 62ನೇ ಜಾಗದಲ್ಲಿ ಎ2ಗೆ ಗ್ಲೈಸಿನ್. ಬಿ57ಗೂ ಗ್ಲೈಸಿನ್, ಬಿ58ಗೂ ಅದೇ. ಆ್ಯಂಟಿಬಾಡಿಗೆ ನಾವಿಟ್ಟ ಹೆಸರು ಗೊತ್ತಿಲ್ಲವಲ್ಲ, ಅದು ಹಿಡಿಯುವುದು ಮೇಲ್ಮೈಯ ಒಂದು ಚಿಕ್ಕ ತುಣುಕನ್ನ. ಎಚ್‌ಎಲ್‌ಎ ಹೆಸರುಗಳೇನೋ 40 ಸಾವಿರ ದಾಟಿವೆ, ಆದರೆ ಎಷ್ಟೋ ಅದೇ ಬಟ್ಟೆ ಚೂರುಗಳಿಂದ ಹೊಲಿದ ಬೇರೆ ಬೇರೆ ಕೌದಿಗಳು.

ಇನ್ನೊಂದು ಸುಳಿವು ಕಣ್ಣೆದುರೇ ಇತ್ತು, ನಾನೇ ನೋಡಿರಲಿಲ್ಲ. ಎ2 ಜೊತೆ ಸಾಮಾನ್ಯವಾಗಿ ಹೊಳೆಯುವ ಎ68 ಇಲ್ಲಿ ತಣ್ಣಗಿತ್ತು. ಯಾಕೆಂದರೆ ಆಕೆಯ ಸ್ವಂತ ಟೈಪಿಂಗ್‌ನಲ್ಲೇ (ಆಕೆಯದೇ ಎಚ್‌ಎಲ್‌ಎ ಬಗೆಗಳ ಪಟ್ಟಿಯಲ್ಲೇ) ಎ68 ಇದೆ. ಎ2 ಮತ್ತು ಎ68 ಹಂಚಿಕೊಂಡ ತುಣುಕುಗಳೆಲ್ಲ ಆಕೆಗೆ ತನ್ನವೇ, ಅವುಗಳ ಮೇಲೆ ಮೈ ತಿರುಗಿಬೀಳುವುದಿಲ್ಲ. ಆದರೆ ಎ68ರ 62ನೇ ಜಾಗದಲ್ಲಿ ಗ್ಲೈಸಿನ್ ಬದಲು ಆರ್ಜಿನಿನ್.

ಕಾಗದದ ಲೆಕ್ಕ ಸಾಲದು ಅಂತ ಸೀರಮ್‌ನಿಂದ ಆ್ಯಂಟಿಬಾಡಿಯನ್ನು ಹೀರಿಸಿ ನೋಡಿದೆ. ಎ2 ಇರುವ, ಆದರೆ ಬಿ57 ಮತ್ತು ಬಿ58 ಇಲ್ಲದ ದಾನಿಗಳ ಪ್ಲೇಟ್‌ಲೆಟ್ ತಗೊಂಡು (ಅವುಗಳ ಮೇಲೆ ಎ, ಬಿ ಸೇರಿದ ಎಚ್‌ಎಲ್‌ಎ ಒಂದನೇ ವರ್ಗ ಇರುತ್ತೆ, ಎರಡನೆಯದು ಇರಲ್ಲ, ಈ ಕೆಲಸಕ್ಕೆ ಅನುಕೂಲ) ಸೀರಮ್ ಜೊತೆ ಬೆರೆಸಿಟ್ಟು, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಮೇಲಿನ ತಿಳಿ ತೆಗೆದು ಬೀಡ್ ಮೇಲೆ ಹಾಕಿದೆ. ಎರಡು ಬೇರೆ ಆ್ಯಂಟಿಬಾಡಿ ಆಗಿದ್ದರೆ ಎ2 ಮಾತ್ರ ಆರಬೇಕಿತ್ತು, ಅಲ್ವಾ? ಬಿ57 ಕೂಡ ಆರಿತು. ಪ್ಲೇಟ್‌ಲೆಟ್‌ಗೆ ಅಂಟಿದ್ದನ್ನು ಆಮ್ಲದಲ್ಲಿ ಬಿಡಿಸಿ, ತಕ್ಷಣ ತಟಸ್ಥ ಮಾಡಿ ಬೀಡ್ ಮೇಲೆ ಹಾಕಿದರೆ ಮೂರೂ ಮತ್ತೆ ಹೊಳೆದವು. ಅವತ್ತು ಊಟ ಮರೆತೇಹೋಗಿತ್ತು.

ಟಿ ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಕಥೆ ಇನ್ನೂ ಜಾಸ್ತಿ ಸಿಕ್ಕು. ಬಿ8 ಇರುವವರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ವಿರುದ್ಧ ಹುಟ್ಟಿದ ಕೆಲವು ಟಿ ಕೋಶ ಬಿ44:02 ಮೇಲೂ ಎರಗುತ್ತವೆ, ಬಿ44ರ ಇನ್ನೊಂದು ಉಪಬಗೆ ಬಿ44:03 ಕಂಡರೆ ಸುಮ್ಮನಿರುತ್ತವೆ. ಆ ಎರಡರ ನಡುವೆ ವ್ಯತ್ಯಾಸ 156ನೇ ಜಾಗದ ಒಂದೇ ಅಮೈನೋ ಆಮ್ಲ. ನಮ್ಮ ಬೀಡ್‌ಗಳಿಗೆ ಇದು ಕಾಣುವುದೇ ಇಲ್ಲ, ಅವು ತೋರಿಸುವುದು ಆ್ಯಂಟಿಬಾಡಿ ಮಾತ್ರ.

ಆಕೆಗೆ ಒಗ್ಗದ ಆ್ಯಂಟಿಜೆನ್‌ಗಳ ಪಟ್ಟಿಯಲ್ಲಿ ಎ2 ಜೊತೆ ಬಿ57, ಬಿ58 ಸೇರಿಸಿದೆವು. ಪೆನ್ಸಿಲ್ ಸಾಲು ಅಳಿಸಿ ಸಹಿ ಹಾಕಿದೆ.